ಹಬೆಯಿಂದ ಬಿಸಿಯಾಗುವ ಹಳೆಯ ಮನೆ: ಒಂದು ಕೋಣೆಯ ಕನ್ವೆಕ್ಟರ್ ಬದಲಿಸಬೇಕು, ಏನು ಹಾಕಿಸಲಿ?

ಹಳೆಮನೆ_ನ್ಯೂಜೆರ್ಸಿ
ಅಮೆರಿಕದ ಈಶಾನ್ಯ ಭಾಗದಲ್ಲಿ ಹಳೆಯ ಮನೆ ಕೊಂಡವರು ಇಲ್ಲಿ ಬಹಳ ಮಂದಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು 1920ರ ದಶಕದ ಮನೆ. ನೆಲಮಾಳಿಗೆಯಲ್ಲಿ ಗ್ಯಾಸ್ ಬಾಯ್ಲರ್, ಅಲ್ಲಿಂದ ಎಲ್ಲ ಕೋಣೆಗಳಿಗೂ ಹಬೆ ಹೋಗುತ್ತದೆ. ಬೇರೆಲ್ಲ ಕಡೆ ಬೀಡು ಕಬ್ಬಿಣದ ರೇಡಿಯೇಟರ್‌ಗಳಿವೆ. ಓದುವ ಕೋಣೆಯಲ್ಲಿ ಮಾತ್ರ ಕಿಟಕಿಯ ಕೆಳಗೆ ಗೋಡೆಯೊಳಗೆ ಕೂರಿಸಿದ ತಗಡಿನ ಪೆಟ್ಟಿಗೆ, ಅದರೊಳಗೆ ಗಾಳಿಯನ್ನು ಬಿಸಿ ಮಾಡಿ ಮೇಲಕ್ಕೆ ಕಳಿಸುವ ಕನ್ವೆಕ್ಟರ್. ಅದು ಬೆಳಗಿನ ಜಾವ ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ ಸದ್ದು ಮಾಡುತ್ತದೆ, ಕೆಳಗೆ ಮರದ ನೆಲ ಕಪ್ಪಾಗಿದೆ, ಕೋಣೆಯಂತೂ ಬೆಚ್ಚಗಾಗುವುದೇ ಇಲ್ಲ.

ಒಬ್ಬ ಪ್ಲಂಬರ್ ಬಂದು ನೋಡಿ, ಇಡೀ ಮನೆಯ ಹಬೆ ವ್ಯವಸ್ಥೆಯನ್ನು ಕಿತ್ತು ಬಿಸಿನೀರಿನದು ಹಾಕಿಸಿ ಎಂದರು. ಅವರು ಹೇಳಿದ ಮೊತ್ತಕ್ಕೆ ಊರಿನಲ್ಲಿ ಒಂದು ನಿವೇಶನ ಬರುತ್ತದೆ. ನನಗೆ ಬೇಕಾಗಿರುವುದು ಈ ಒಂದು ಪೆಟ್ಟಿಗೆಯ ಬದಲಿ. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗೋಡೆಯ ಬುಡಕ್ಕೆ ಹಾಕುವ ಉದ್ದನೆಯ ತಾಮ್ರದ ರೆಕ್ಕೆಯ ಬೇಸ್‌ಬೋರ್ಡ್ ಸಿಗುತ್ತದಲ್ಲ, ಅದನ್ನೇ ಇಲ್ಲಿಗೆ ಜೋಡಿಸಬಹುದೇ?

ಕಡಲತಡಿಯವನು
ನೆಗಡಿ ಬಂತೆಂದು ಮೂಗು ಕೊಯ್ಯುವ ಪ್ಲಂಬರ್‌ಗಳು ನಮ್ಮ ಬಡಾವಣೆಯಲ್ಲೂ ಇದ್ದಾರೆ. ಇನ್ನಿಬ್ಬರನ್ನು ಕೇಳಿ.

ಹೀಟ್‌ಪಂಪ್_ಪ್ರಿಯ
ಕಿತ್ತು ಬಿಸಾಡಿ. ಆ ಕೋಣೆಗೊಂದು ಮಿನಿ ಸ್ಪ್ಲಿಟ್ ಹೀಟ್ ಪಂಪ್ ಹಾಕಿಸಿ. ಚಳಿಗಾಲದಲ್ಲಿ ಬಿಸಿ, ಬೇಸಗೆಯಲ್ಲಿ ತಂಪು. ನೂರು ವರ್ಷದ ಕಬ್ಬಿಣಕ್ಕೆ ಇನ್ನೂ ಯಾಕೆ ದುಡ್ಡು ಸುರಿಯುತ್ತೀರಿ?

ಪೈಪ್‌ರಾಯ
ಬೇಸ್‌ಬೋರ್ಡ್ ಬೇಡ. ಮೊದಲು ಇದಕ್ಕೆ ಉತ್ತರ ಹೇಳಿ: ಕನ್ವೆಕ್ಟರ್‌ಗೆ ಬರುವ ಪೈಪ್ ಒಂದೋ ಎರಡೋ? ಅದು ತಿಳಿಯದೆ ಇಲ್ಲಿ ಯಾರೇ ಏನೇ ಹೇಳಿದರೂ ಕಣಿ ಹೇಳಿದಂತೆಯೇ.

ಒಂದೇ ಪೈಪ್ ಆಗಿದ್ದರೆ ಹಬೆ ಮೇಲೆ ಬರುವುದೂ ಅದರಲ್ಲೇ, ತಣಿದು ನೀರಾಗಿ ಬಾಯ್ಲರ್‌ಗೆ ಇಳಿಯುವುದೂ ಅದರಲ್ಲೇ. ಎದುರು ತುದಿಯಲ್ಲಿ ಗಾಳಿ ಬಿಡುವ ಪುಟ್ಟ ವೆಂಟ್ ಇರುತ್ತದೆ. ಎರಡು ಪೈಪ್ ಇದ್ದರೆ ಒಂದರಲ್ಲಿ ಹಬೆ ಬರುತ್ತದೆ, ಇನ್ನೊಂದರಲ್ಲಿ ನೀರು ಹೋಗುತ್ತದೆ, ಹೊರಹೋಗುವ ತುದಿಯಲ್ಲಿ ಹಬೆಯನ್ನು ತಡೆದು ನೀರನ್ನು ಬಿಡುವ ಸ್ಟೀಮ್ ಟ್ರ್ಯಾಪ್ ಇರುತ್ತದೆ. ನೀವು ಹೇಳುವ ಬೇಸ್‌ಬೋರ್ಡ್ ಬಿಸಿನೀರಿಗೆಂದು ಮಾಡಿದ್ದು. ಒಂದೇ ಪೈಪಿನ ಹಬೆಗೆ ಅದನ್ನು ಜೋಡಿಸಿದರೆ ಅಷ್ಟುದ್ದದ ಸಣ್ಣ ಕೊಳವೆಯೊಳಗೆ ನುಗ್ಗುವ ಹಬೆಗೂ ಹಿಂದಿರುಗುವ ನೀರಿಗೂ ದಾರಿಗಾಗಿ ಜಗಳ. ಈಗ ಕೇಳುತ್ತಿರುವ ಸುತ್ತಿಗೆ ಸದ್ದು ಆಗ ಕಮ್ಮಾರಸಾಲೆಯೇ ಆಗುತ್ತದೆ.

ಇನ್ನೊಂದು ಮಾತು. ಬೀಡು ಕಬ್ಬಿಣ ಬಾಯ್ಲರ್ ನಿಂತ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ರೆಕ್ಕೆಯದು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಥರ್ಮೋಸ್ಟಾಟ್ ಬೇರೆ ಕೋಣೆಯಲ್ಲಿದ್ದರೆ ನಿಮ್ಮ ಓದುವ ಕೋಣೆ ಯಾವಾಗಲೂ ಹಿಂದೆಯೇ ಉಳಿಯುತ್ತದೆ.

ಹಳೆಮನೆ_ನ್ಯೂಜೆರ್ಸಿ
ಒಂದೇ ಪೈಪ್ ಸರ್. ಪೆಟ್ಟಿಗೆಯ ಮುಂಭಾಗ ಇನ್ನೂ ತೆಗೆದಿಲ್ಲ, ಬಣ್ಣದ ಮೇಲೆ ಬಣ್ಣ ಬಳಿದು ಗೋಡೆಗೇ ಅಂಟಿಹೋಗಿದೆ. ವಾಲ್ವ್ ಅರ್ಧ ತೆರೆದಿಟ್ಟಿದ್ದೇನೆ, ಸದ್ದು ಕಡಿಮೆಯಾಗಲಿ ಎಂದು.

ಪೈಪ್‌ರಾಯ
ಅಲ್ಲೇ ಇದೆ ನೋಡಿ ಮೊದಲ ಕಾರಣ. ಒಂದೇ ಪೈಪಿನ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ಹಬೆ ಒಳಗೆ ಹೋಗುತ್ತದೆ, ನೀರು ಹೊರಗೆ ಬರಲಾರದು. ಬಿಸಿ ಕಡಿಮೆ ಬೇಕಿದ್ದರೆ ನಿಧಾನದ ವೆಂಟ್ ಹಾಕಿ. ಥರ್ಮೋಸ್ಟಾಟಿಕ್ ವಾಲ್ವ್ ಹಾಕುವುದಾದರೂ ಒಂದೇ ಪೈಪಿನಲ್ಲಿ ಅದು ಕೂರುವುದು ರೇಡಿಯೇಟರ್‌ಗೂ ವೆಂಟ್‌ಗೂ ನಡುವೆ. ಹಬೆ ಬರುವ ಬದಿಯಲ್ಲಿ ಅಲ್ಲ.

ಸೋಮರ್‌ವಿಲ್_ಸುಮಾ
ಪೆಟ್ಟಿಗೆ ತೆರೆಯುವ ಮುನ್ನ ಸ್ವಲ್ಪ ತಡೆಯಿರಿ! 1978ಕ್ಕಿಂತ ಹಿಂದಿನ ಮನೆಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಬಣ್ಣವನ್ನು ಉಜ್ಜಬೇಡಿ, ಅಂಚಿನಲ್ಲಿ ಚಾಕುವಿನಿಂದ ನಿಧಾನವಾಗಿ ಗೀರಿ, ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳನ್ನು ದೂರವಿಡಿ. ನೆಲಮಾಳಿಗೆಯ ಪೈಪುಗಳಿಗೆ ಬಿಳಿ ಸುಣ್ಣದ ಗಟ್ಟಿಯಂತಹ ಹೊದಿಕೆ, ಮೇಲೆ ಬಟ್ಟೆ ಸುತ್ತಿದ್ದರೆ ಅದು ಆಸ್ಬೆಸ್ಟಾಸ್ ಎಂದೇ ತಿಳಿಯಿರಿ. ಪರೀಕ್ಷೆ ಮಾಡಿಸದೆ ಮುಟ್ಟಬೇಡಿ.

ಕಡಲತಡಿಯವನು
ಎಲ್ಲದಕ್ಕೂ ಹೆದರಿಸಿದರೆ ಮನೆಯಲ್ಲಿ ಬದುಕುವುದು ಹೇಗೆ ಮೇಡಂ?

ಸೋಮರ್‌ವಿಲ್_ಸುಮಾ
ಹೆದರಿಸುತ್ತಿಲ್ಲ. ಹೊದಿಕೆ ಗಟ್ಟಿಯಾಗಿ ಕೂತಿದ್ದರೆ ಅದರ ಪಾಡಿಗೆ ಬಿಡಿ ಎಂದೆ, ಅಷ್ಟೇ.

ಶಿಕಾಗೊ_ಚಳಿಗ
ಕೋಣೆ ಬೆಚ್ಚಗಾಗದಿದ್ದರೆ ಬಾಯ್ಲರ್‌ನ ಒತ್ತಡ ಏರಿಸಿ ನೋಡಿ. ನಮ್ಮ ಕಟ್ಟಡದಲ್ಲಿ 5 ಪಿಎಸ್‌ಐಗೆ (ಚದರ ಇಂಚಿಗೆ 5 ಪೌಂಡ್) ಇಟ್ಟಿದ್ದಾರೆ.

ಮಂಡ್ಯದ_ಬಾಯ್ಲರ್‌ಮನೆ
ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಮಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ, ಚಳಿಗಾಲ ಬಂದರೆ ಅವನ ಮನೆಯ ನೆಲಮಾಳಿಗೆಯೇ ನನ್ನ ಕಾಲಕ್ಷೇಪದ ಜಾಗ. ಶಿಕಾಗೊದವರ ಸಲಹೆ ತಪ್ಪು. ಕಾರ್ಖಾನೆಯಲ್ಲಿ ಟರ್ಬೈನ್ ತಿರುಗಿಸಬೇಕು, ಅಲ್ಲಿ ಒತ್ತಡ ಬೇಕು. ಮನೆ ಬಿಸಿ ಮಾಡಲು ಬೇಕಿರುವುದು ಹಬೆ ನೀರಾಗುವಾಗ ಬಿಡುವ ಗುಪ್ತೋಷ್ಣ. ಒಂದು ಕಿಲೋ ಹಬೆ 100 ಡಿಗ್ರಿಯಲ್ಲಿ ನೀರಾದರೆ ಸುಮಾರು 540 ಕಿಲೋ ಕ್ಯಾಲರಿ ಶಾಖ ಸಿಗುತ್ತದೆ. ಅದೇ ನೀರು 100ರಿಂದ 90ಕ್ಕೆ ಇಳಿದರೆ ಸಿಗುವುದು 10 ಮಾತ್ರ. ಒತ್ತಡ ಏರಿಸಿದರೆ ಗುಪ್ತೋಷ್ಣ ಹೆಚ್ಚುವುದಿಲ್ಲ, ತುಸು ಇಳಿಯುತ್ತದೆ. ಗ್ಯಾಸ್ ಬಿಲ್ಲು ಮಾತ್ರ ಏರುತ್ತದೆ.

ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 15 ಪಿಎಸ್‌ಐನಲ್ಲಿ. ಮನೆ ಬಿಸಿ ಮಾಡುವ ಬಾಯ್ಲರ್‌ಗೆ ಅದರ ಹತ್ತನೆಯ ಒಂದು ಭಾಗ ಧಾರಾಳವಾಯಿತು.

ಪೈಪ್‌ರಾಯ
ಯಜಮಾನರು ಹೇಳಿದ್ದು ನೂರಕ್ಕೆ ನೂರು ಸರಿ. ಪ್ರೆಶರ್‌ಟ್ರೋಲ್ ಎಂಬ ಬೂದು ಬಣ್ಣದ ಡಬ್ಬಿ ಬಾಯ್ಲರ್ ಮೇಲೆ ಇರುತ್ತದೆ. ಮುಂದಿನ ಮುಳ್ಳನ್ನು 0.5ಕ್ಕೆ, ಒಳಗಿನ ಬಿಳಿ ಚಕ್ರವನ್ನು 1ಕ್ಕೆ ಇಡಿ. ಚಕ್ರದ ಅಂಕಿ ಮುಳ್ಳಿನ ಅಂಕಿಗೆ ಕೂಡುತ್ತದೆ, ಅಂದರೆ ಅರ್ಧ ಪಿಎಸ್‌ಐಗೆ ಉರಿ ಹತ್ತುತ್ತದೆ, ಒಂದೂವರೆಗೆ ಆರುತ್ತದೆ. ಅದರ ಕೆಳಗಿನ ಸುರುಳಿ ಕೊಳವೆ ಕೆಸರು ಕಟ್ಟಿದ್ದರೆ ಈ ಅಂಕಿಗಳಿಗೆ ಅರ್ಥವಿಲ್ಲ, ಅದನ್ನೂ ಬಿಚ್ಚಿ ತೊಳೆಯಿಸಿ.

ಶಿಕಾಗೊ_ಚಳಿಗ
ಹಾಗಾದರೆ ನಮ್ಮ ಕಟ್ಟಡದವರು ಐದಕ್ಕೆ ಯಾಕೆ ಇಟ್ಟಿದ್ದಾರೆ?

ಪೈಪ್‌ರಾಯ
ವೆಂಟ್‌ಗಳು ಕಟ್ಟಿಕೊಂಡಿರುತ್ತವೆ. ಅವನ್ನು ಬದಲಿಸುವ ಬದಲು ಒತ್ತಡ ಏರಿಸುವುದು ಸುಲಭವೆಂದು ಯಾರೋ ತಿರುಗಿಸಿ ಹೋಗಿರುತ್ತಾರೆ. ರೇಡಿಯೇಟರ್‌ನೊಳಗೆ ಗಾಳಿ ಇರುವಷ್ಟು ಹೊತ್ತು ಹಬೆಗೆ ಒಳಗೆ ಜಾಗವಿಲ್ಲ.

ಬ್ರಾಂಕ್ಸ್_ಬಾಡಿಗೆದಾರ
ನಿಮಗೆಲ್ಲ ಬಿಸಿ ಸಾಲದೆಂಬ ಕೊರಗು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಜನವರಿಯಲ್ಲೂ ಕಿಟಕಿ ತೆರೆದು ಬನಿಯನ್‌ನಲ್ಲಿ ಕೂರುತ್ತೇವೆ. ನ್ಯೂಯಾರ್ಕ್ ನಗರದ ನಿಯಮದಂತೆ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಒಳಗೆ ಕನಿಷ್ಠ 68 ಇರಬೇಕು, ರಾತ್ರಿ ಹೊರಗೆ ಎಷ್ಟೇ ಇರಲಿ 62 ಇರಬೇಕು. ಕನಿಷ್ಠಕ್ಕೆ ಕಾನೂನಿದೆ. ಗರಿಷ್ಠ ಎಷ್ಟೆಂದು ನಮ್ಮ ಮಾಲೀಕರಿಗೆ ಹೇಳುವವರು ಯಾರು?

ಪೈಪ್‌ರಾಯ
ಅದಕ್ಕೊಂದು ಹಿನ್ನೆಲೆ ಇದೆ. 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ನಂತರ ಕಿಟಕಿ ತೆರೆದೇ ಮಲಗಬೇಕು, ಶುದ್ಧ ಗಾಳಿ ಬರಬೇಕು ಎಂಬ ಒತ್ತಾಯವಿತ್ತು. ಅತಿ ಚಳಿಯ ದಿನ ಕಿಟಕಿ ತೆರೆದಿದ್ದರೂ ಕೋಣೆ ಬೆಚ್ಚಗಿರಲಿ ಎಂದು ರೇಡಿಯೇಟರ್‌ಗಳನ್ನು ದೊಡ್ಡದಾಗಿ ಹಾಕಿದರು ಎನ್ನುವುದು ಈ ಕಸುಬಿನವರೆಲ್ಲ ಹೇಳುವ ಮಾತು. ಈಗ ಕಿಟಕಿಗಳು ಬಿಗಿಯಾಗಿವೆ, ರೇಡಿಯೇಟರ್ ಅಷ್ಟೇ ದೊಡ್ಡದಿದೆ.

ಕಡಲತಡಿಯವನು
ಬ್ರಾಂಕ್ಸಿನವರಿಗೆ ಹಬೆ ರಸ್ತೆಯ ಕೆಳಗಿನಿಂದ ಬರುತ್ತದೆಯೇ? ಸಿನಿಮಾಗಳಲ್ಲಿ ತೋರಿಸುತ್ತಾರಲ್ಲ, ಮ್ಯಾನ್‌ಹೋಲ್‌ನಿಂದ ಹೊಗೆ.

ಬ್ರಾಂಕ್ಸ್_ಬಾಡಿಗೆದಾರ
ಇಲ್ಲ, ಅದು ಮ್ಯಾನ್‌ಹಟನ್‌ನಲ್ಲಿ ಮಾತ್ರ. ಕಾನ್ ಎಡಿಸನ್ ನಡೆಸುವ ಆ ಜಾಲ 1882ರಿಂದ ಇದೆ. ನಮ್ಮ ಕಟ್ಟಡಕ್ಕೆ ಅದರದೇ ಬಾಯ್ಲರ್.

ಹಳೆಮನೆ_ನ್ಯೂಜೆರ್ಸಿ
ಪೆಟ್ಟಿಗೆ ತೆರೆದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ತಾಮ್ರದ ಕೊಳವೆಗಳು, ಅವುಗಳ ಮೇಲೆ ತೆಳು ಅಲ್ಯೂಮಿನಿಯಂ ರೆಕ್ಕೆಗಳು. ರೆಕ್ಕೆಗಳ ನಡುವೆ ಹಿಂದಿನವರ ನಾಯಿಯ ಕೂದಲು ಕಂಬಳಿಯಂತೆ ಹೆಣೆದುಕೊಂಡಿದೆ. ದೂರದ ತುದಿಗೆ ಕೊಟ್ಟಿದ್ದ ಮರದ ತುಂಡು ಕೊಳೆತು ಕುಸಿದು, ಆ ತುದಿಯೇ ತಗ್ಗಾಗಿದೆ. ರಸಮಟ್ಟ ಇಟ್ಟು ನೋಡಿದೆ, ನೀರು ವಾಲ್ವ್ ಕಡೆಗೆ ಹರಿಯುವ ಬದಲು ಅತ್ತ ಹೋಗಿ ನಿಲ್ಲುತ್ತಿದೆ. ವೆಂಟ್‌ಗೆ ಬಿಳಿ ಬಣ್ಣ ಬಳಿದು ತೂತು ಮುಚ್ಚಿದ್ದಾರೆ.

ಸೋಮರ್‌ವಿಲ್_ಸುಮಾ
ಹಾಗಿದ್ದರೆ ಬದಲಿಸುವುದೇ ಬೇಡವಲ್ಲ! ಕೂದಲನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ, ತುದಿಯನ್ನು ಎತ್ತರಿಸಿ, ಹೊಸ ವೆಂಟ್ ಹಾಕಿ. ನಮ್ಮದು ಎರಡು ಪೈಪಿನದು. ನಮ್ಮಲ್ಲೂ ಕನ್ವೆಕ್ಟರ್ ಸತ್ತಿದೆ ಎಂದೇ ಪ್ಲಂಬರ್ ತೀರ್ಪು ಕೊಟ್ಟಿದ್ದರು. ಟ್ರ್ಯಾಪ್‌ನ ಒಳಭಾಗವನ್ನಷ್ಟೇ ಬದಲಿಸಿದ ಮೇಲೆ ಬಿಸಿ ಬಂತು.

ಪೈಪ್‌ರಾಯ
ಸುಮಾ ಅವರು ಹೇಳಿದ ಕ್ರಮ ಸರಿ. ಆದರೆ ನೆಲ ಕಪ್ಪಾಗಿದೆ ಎಂದಿರಲ್ಲ, ನೀರು ಎಲ್ಲಿಂದ? ವಾಲ್ವ್‌ನ ದೊಡ್ಡ ನಟ್ಟಿನಿಂದಲೋ, ಕೊಳವೆಗಳೆಲ್ಲ ತುದಿಯಲ್ಲಿ ಕೂಡುವ ಹೆಡರ್ ಎಂಬ ಭಾಗಕ್ಕೆ ಸೇರುವ ಕಡೆಯೋ? ಒಣ ಕಾಗದ ಹಿಡಿದು ನೋಡಿ.

ಹಳೆಮನೆ_ನ್ಯೂಜೆರ್ಸಿ
ಹೆಡರ್ ಬಳಿ. ಅಲ್ಲಿ ಹಸಿರು ಕಿಲುಬು ಕಟ್ಟಿದೆ, ಬಾಯ್ಲರ್ ಹತ್ತಿದಾಗ ಅಲ್ಲಿಂದಲೇ ಬುಸ್ ಎನ್ನುತ್ತದೆ.

ಪೈಪ್‌ರಾಯ
ಹಾಗಾದರೆ ಅದರ ಆಯುಷ್ಯ ಮುಗಿದಿದೆ. ಅಲ್ಲಿ ಲೋಹ ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ಜೋಡಣೆ ಬಿರುಕು ಬಿಟ್ಟಿದೆ. ಬೆಸುಗೆ ಹಾಕಿ ತೇಪೆ ಹಚ್ಚಿದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಇದೇ ಪ್ರಶ್ನೆ. ಸೋರಿಕೆಯನ್ನು ಹಾಗೇ ಬಿಡುವಂತೆಯೂ ಇಲ್ಲ. ಹೊರಹೋದಷ್ಟು ಹಬೆಗೆ ಬಾಯ್ಲರ್ ಹೊಸ ನೀರು ಕೇಳುತ್ತದೆ, ಹೊಸ ನೀರಿನ ಜೊತೆ ಆಮ್ಲಜನಕ ಬರುತ್ತದೆ, ಅದು ಬಾಯ್ಲರ್‌ನ ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ.

ಇನ್ನು ಬದಲಿ. ಕನ್ವೆಕ್ಟರ್ ಎಂದರೆ ರೆಕ್ಕೆಯ ತುಂಡು ಮಾತ್ರ ಎಂದುಕೊಳ್ಳಬೇಡಿ. ತಗಡಿನ ಪೆಟ್ಟಿಗೆಯೂ ಯಂತ್ರದ ಭಾಗ. ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ ಬಂದು, ರೆಕ್ಕೆಗಳ ನಡುವೆ ಬಿಸಿಯಾಗಿ ಮೇಲೇರಿ, ಜಾಲರಿಯಿಂದ ಹೊರಬರುತ್ತದೆ. ಪೆಟ್ಟಿಗೆ ಎತ್ತರವಾದಷ್ಟೂ ಗಾಳಿಯ ಸೆಳೆತ ಹೆಚ್ಚು, ಅದೇ ರೆಕ್ಕೆಯ ತುಂಡಿನಿಂದ ಹೆಚ್ಚು ಶಾಖ. ಹಾಗಾಗಿ ಪೆಟ್ಟಿಗೆಯ ಉದ್ದ, ಎತ್ತರ, ಆಳ ಮೂರನ್ನೂ ಅಳೆದುಕೊಳ್ಳಿ. ತಯಾರಕರ ಪಟ್ಟಿಯಲ್ಲಿ ಈ ಮೂರರ ಮೇಲೆಯೇ ಶಾಖದ ಅಂಕಿ ಕೊಟ್ಟಿರುತ್ತಾರೆ. ಕೊಳ್ಳುವಾಗ ಒಂದೇ ಪೈಪಿನ ಹಬೆಗೆ ಎಂದು ಒತ್ತಿ ಹೇಳಿ. ಬಿಸಿನೀರಿಗೆ ಮಾಡಿದ ತುಂಡನ್ನು ಅಂಗಡಿಯವರು ನಗುತ್ತಾ ಕೈಗಿಡುತ್ತಾರೆ.

ಹೀಟ್‌ಪಂಪ್_ಪ್ರಿಯ
ಇಷ್ಟೆಲ್ಲ ಪರದಾಟ ಒಂದು ಕೋಣೆಗೆ. ನಾನು ಹೇಳಿದ್ದೇ ಸರಿ.

ಮಂಡ್ಯದ_ಬಾಯ್ಲರ್‌ಮನೆ
ನಿಮ್ಮ ಹೀಟ್ ಪಂಪ್‌ಗೆ ನನ್ನ ವಿರೋಧವಿಲ್ಲ. ಆದರೆ ವಿದ್ಯುತ್ ಹೋದರೆ?

ಹೀಟ್‌ಪಂಪ್_ಪ್ರಿಯ
ಗ್ಯಾಸ್ ಬಾಯ್ಲರ್‌ನ ನಿಯಂತ್ರಣಕ್ಕೂ ವಿದ್ಯುತ್ ಬೇಕಲ್ಲ ಹಿರಿಯರೇ.

ಮಂಡ್ಯದ_ಬಾಯ್ಲರ್‌ಮನೆ
ಒಪ್ಪಿದೆ. ಆದರೆ ಅದಕ್ಕೆ ಬೇಕಾದ್ದು ಬಹಳ ಕಡಿಮೆ, ಒಂದು ಸಣ್ಣ ಬ್ಯಾಟರಿ ಸಾಕು.

ಹಳೆಮನೆ_ನ್ಯೂಜೆರ್ಸಿ
ಪೆಟ್ಟಿಗೆ 32 ಇಂಚು ಉದ್ದ, 24 ಇಂಚು ಎತ್ತರ, 6 ಇಂಚು ಆಳ. ಕನ್ವೆಕ್ಟರ್ ಬದಲು ಬೀಡು ಕಬ್ಬಿಣದ ರೇಡಿಯೇಟರ್ ಹಾಕಿದರೆ? ಹಳೆಯ ಸಾಮಾನಿನ ಅಂಗಡಿಯಲ್ಲಿ ಚೆಂದದ ಹೂಬಳ್ಳಿಯ ಕೆತ್ತನೆಯದು ಕಂಡಿತು. ಮನೆಯಾಕೆಗೂ ಇಷ್ಟವಾಗಿದೆ.

ಪೈಪ್‌ರಾಯ
ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಉಳಿದ ಕೋಣೆಗಳ ಜೊತೆಗೇ ಬಿಸಿಯಾಗಿ, ಜೊತೆಗೇ ತಣಿಯುತ್ತದೆ. ಆದರೆ ಚೆಂದ ನೋಡಿ ಕೊಳ್ಳಬೇಡಿ, ಲೆಕ್ಕ ಹಾಕಿ ಕೊಳ್ಳಿ.

ಹಬೆಯ ಲೆಕ್ಕದಲ್ಲಿ ರೇಡಿಯೇಟರ್ ಎಷ್ಟು ಶಾಖ ಕೊಡುತ್ತದೆಂದು ಹೇಳುವ ಇಡಿಆರ್ ಎಂಬ ಅಳತೆ ಇದೆ. ಒಂದು ಚದರ ಅಡಿ ಇಡಿಆರ್ ಎಂದರೆ ಗಂಟೆಗೆ 240 ಬಿಟಿಯು ಶಾಖ. ನಿಮ್ಮ ಕೋಣೆಗೆ ಅತಿ ಚಳಿಯ ದಿನ ಗಂಟೆಗೆ 6,000 ಬಿಟಿಯು ಬೇಕೆಂದುಕೊಳ್ಳಿ, ಆಗ 25 ಚದರ ಅಡಿ. ಹಳೆಯ ಕಾಲದ ಮೂರು ಕಂಬದ, 38 ಇಂಚು ಎತ್ತರದ ರೇಡಿಯೇಟರ್‌ನಲ್ಲಿ ಒಂದೊಂದು ಭಾಗಕ್ಕೆ 5 ಚದರ ಅಡಿ, ಅಂದರೆ ಐದು ಭಾಗದ್ದು ಸಾಕು. ಕಿಟಕಿಯ ಕೆಳಗೆ ಅಷ್ಟು ಎತ್ತರ ಹಿಡಿಯದಿದ್ದರೆ ಕುಳ್ಳನೆಯದನ್ನು ಹೆಚ್ಚು ಭಾಗಗಳಲ್ಲಿ ಕೊಳ್ಳಿ. 1 ಇಂಚಿನ ವಾಲ್ವ್ ಹೆಚ್ಚುಕಡಿಮೆ ಈ 25ರ ಆಸುಪಾಸಿಗೇ ತೃಪ್ತಿಪಡುತ್ತದೆ. ಅದಕ್ಕಿಂತ ಬಹಳ ದೊಡ್ಡದನ್ನು ಕೂರಿಸಿದರೆ ನೀರು ಮತ್ತೆ ಗುಡುಗುತ್ತದೆ.

ಗೋಡೆಯೊಳಗಿನ ಗೂಡಿಗೆ ಅದನ್ನು ತುರುಕಬೇಡಿ. ಗೂಡಿನ ಹಿಂದೆ ಹೊರಗೋಡೆ ತೆಳುವಾಗಿರುತ್ತದೆ, ಅರ್ಧ ಬಿಸಿ ಬೀದಿಗೆ ಹೋಗುತ್ತದೆ. ಗೂಡನ್ನು ಶಾಖ ನಿರೋಧಕ ಹಲಗೆಯಿಂದ ತುಂಬಿ ಮುಚ್ಚಿ, ರೇಡಿಯೇಟರ್ ಅದರ ಮುಂದೆ ನಿಲ್ಲಲಿ.

ಶಿಕಾಗೊ_ಚಳಿಗ
ಹಳೆಯದನ್ನು ಕೊಳ್ಳುವಾಗ ಅಂಗಡಿಯಲ್ಲೇ ನೀರು ತುಂಬಿಸಿ ನೋಡಿ. ಹೊರಗೆ ಮಳೆ ಹಿಮದಲ್ಲಿ ಇಟ್ಟಿದ್ದರೆ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಬಿರುಕು ಬಿಟ್ಟಿರುತ್ತದೆ. ಒತ್ತಡದ ವಿಷಯದಲ್ಲಿ ಬೈಸಿಕೊಂಡೆ, ಇದರಲ್ಲಾದರೂ ನನ್ನ ಮಾತು ಕೇಳಿ.

ಕಡಲತಡಿಯವನು
ಅದನ್ನು ಹೊರಲು ನಾಲ್ಕು ಜನ ಬೇಕು. ಕನ್ನಡ ಕೂಟದಲ್ಲಿ ಒಂದು ಕರೆ ಕೊಡಿ, ಊಟ ಇದೆ ಎಂದು ಸೇರಿಸಿ, ನಲವತ್ತು ಜನ ಬರುತ್ತಾರೆ.

ಎಡಿಸನ್_ಅಕ್ಕ
ವಿಷಯಾಂತರಕ್ಕೆ ಕ್ಷಮಿಸಿ. ಕನ್ವೆಕ್ಟರ್ ತೆಗೆದರೆ ದೋಸೆ ಹಿಟ್ಟು ಎಲ್ಲಿಡುತ್ತೀರಿ? ನಮ್ಮ ಮನೆಯಲ್ಲಿ ಡಿಸೆಂಬರ್‌ನಲ್ಲಿ ಹಿಟ್ಟು ಹುಳಿ ಬರುವುದು ಅದರ ನೆತ್ತಿಯ ಮೇಲೆ ಮಾತ್ರ.

ಸೋಮರ್‌ವಿಲ್_ಸುಮಾ
ಅಕ್ಕಾ, ಪಾತ್ರೆಯ ಕೆಳಗೆ ಅಗಲದ ತಟ್ಟೆ ಇಡಿ. ಹಿಟ್ಟು ಉಕ್ಕಿ ಜಾಲರಿಯಿಂದ ಇಳಿದು ರೆಕ್ಕೆಗಳ ನಡುವೆ ಒಣಗಿದರೆ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕು. ಬಾಯ್ಲರ್ ಹತ್ತಿದಾಗಲೆಲ್ಲ ಸೀದ ದೋಸೆಯ ವಾಸನೆ ಬೇರೆ.

ಮಂಡ್ಯದ_ಬಾಯ್ಲರ್‌ಮನೆ
ಜಾಲರಿಯ ಮೇಲೆ ದೊಡ್ಡ ಪಾತ್ರೆ ಇಟ್ಟರೆ ಗಾಳಿಯ ದಾರಿಯೂ ಮುಚ್ಚುತ್ತದೆ. ಬೀಡು ಕಬ್ಬಿಣದ ರೇಡಿಯೇಟರ್ ಪಕ್ಕದಲ್ಲಿ ಸ್ಟೂಲ್ ಹಾಕಿ ಇಡಿ ತಾಯಿ, ಹಿಟ್ಟು ಹದವಾಗಿ ಬರುತ್ತದೆ.

ಹಳೆಮನೆ_ನ್ಯೂಜೆರ್ಸಿ
ರೇಡಿಯೇಟರ್ ಎಂದೇ ತೀರ್ಮಾನಿಸಿದೆವು. ಹಳೆಯದನ್ನು ಬಿಚ್ಚುವ ಮೊದಲು ಬಾಯ್ಲರ್‌ನ ನೀರನ್ನೆಲ್ಲ ಖಾಲಿ ಮಾಡಿಸಬೇಕೇ? ಹಳೆಯ ವಾಲ್ವ್ ಅನ್ನೇ ಇಟ್ಟುಕೊಳ್ಳಬಹುದೇ?

ಪೈಪ್‌ರಾಯ
ಖಾಲಿ ಮಾಡಬೇಕಾಗಿಲ್ಲ. ಬಿಸಿನೀರಿನ ವ್ಯವಸ್ಥೆಗೂ ಇದಕ್ಕೂ ಇದೇ ದೊಡ್ಡ ವ್ಯತ್ಯಾಸ. ನೀರು ಇರುವುದು ಬಾಯ್ಲರ್‌ನ ಗಾಜಿನ ಕೊಳವೆಯಲ್ಲಿ ಕಾಣುವ ಮಟ್ಟದವರೆಗೆ ಮಾತ್ರ, ಮೇಲಿನ ಪೈಪುಗಳಲ್ಲಿ ಬಾಯ್ಲರ್ ಆರಿದಾಗ ಇರುವುದು ಗಾಳಿ. ಸ್ವಿಚ್ ಆರಿಸಿ, ತಣಿಯಲು ಬಿಡಿ, ಬಿಚ್ಚಿ. ಅಂದೇ ಹೊಸದು ಕೂರದಿದ್ದರೆ ಪೈಪಿನ ಬಾಯಿಗೆ ಪ್ಲಗ್ ಹಾಕಿದ ಮೇಲೆಯೇ ಬಾಯ್ಲರ್ ಹಚ್ಚಿ. ಹಳೆಯ ವಾಲ್ವ್ ಮುಚ್ಚಿದೆ ಎಂದು ನಂಬಬೇಡಿ.

ವಾಲ್ವ್ ಹೊಸದನ್ನೇ ಹಾಕಿ. ಹೊಸ ವಾಲ್ವ್ ಜೊತೆ ಸ್ಪಡ್ ಎಂಬ ಸಣ್ಣ ತುಂಡು ಬರುತ್ತದೆ, ಅದು ರೇಡಿಯೇಟರ್‌ನೊಳಕ್ಕೆ ತಿರುಗಿ ಕೂರಬೇಕು. ನೀವು ಕೊಳ್ಳುವ ರೇಡಿಯೇಟರ್‌ನಲ್ಲಿ ಹಳೆಯ ಸ್ಪಡ್ ಉಳಿದಿದ್ದರೆ ಅದನ್ನೇ ಬಳಸುವ ಆಸೆ ಬರುತ್ತದೆ. ನಟ್ಟು ತಿರುಗುತ್ತದೆ, ಸರಿ ಕೂತಂತೆಯೇ ಕಾಣುತ್ತದೆ. ಆದರೆ ಎರಡರ ಮುಖಗಳು ಒಂದಕ್ಕೊಂದು ಒಪ್ಪದೆ ಹಬೆ ಸೋರುತ್ತದೆ. ಹಳೆಯದು ಬರದಿದ್ದರೆ ಗರಗಸದ ಅಲಗಿನಿಂದ ಒಳಗಿನಿಂದ ಎರಡು ಗೀರು ಹಾಕಿ. ರೇಡಿಯೇಟರ್‌ನ ತಿರುಪು ಕಾಣುವ ಮುನ್ನ ನಿಲ್ಲಿಸಿ. ಆಮೇಲೆ ಉಳಿಯಿಂದ ಆ ತುಂಡನ್ನು ಒಳಕ್ಕೆ ಮಡಚಿದರೆ ಅದು ಸಡಿಲವಾಗಿ ಹೊರಬರುತ್ತದೆ. ಅವಸರ ಮಾಡುವ ಪ್ಲಂಬರ್‌ಗೆ ಈ ಕೆಲಸ ಕೊಡಬೇಡಿ.

ತಿರುಪುಗಳಿಗೆ ಪೇಸ್ಟ್ ಹಚ್ಚಿ, ವಾಲ್ವ್ ಮತ್ತು ಸ್ಪಡ್ ಕೂಡುವ ಯೂನಿಯನ್‌ನ ಮುಖಕ್ಕೆ ಏನನ್ನೂ ಹಚ್ಚಬೇಡಿ. ವೆಂಟ್ ಬದಿಯ ಕಾಲುಗಳ ಕೆಳಗೆ ತೆಳು ಬಿಲ್ಲೆ ಇಟ್ಟು ಇಡೀ ರೇಡಿಯೇಟರ್ ವಾಲ್ವ್ ಕಡೆಗೆ ತುಸು ಓರೆಯಾಗಲಿ, ಮರದ ತುಂಡು ಮತ್ತೆ ಬೇಡ. ವೆಂಟ್ ಗಾರ್ಟನ್ ಕಂಪನಿಯದಾದರೆ 4, 5, 6, ಸಿ, ಡಿ ಎಂದು ನಿಧಾನದಿಂದ ವೇಗಕ್ಕೆ ಹೋಗುತ್ತದೆ. ಮೊದಲು 5 ಹಾಕಿ ನೋಡಿ.

ಹಳೆಮನೆ_ನ್ಯೂಜೆರ್ಸಿ
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಉಪಕಾರವಾಯಿತು. ಕೆಲಸ ಮುಗಿದ ಮೇಲೆ ಬೇರೇನಾದರೂ ಇದೆಯೇ?

ಮಂಡ್ಯದ_ಬಾಯ್ಲರ್‌ಮನೆ
ಎಣ್ಣೆ. ಹೊಸ ಪೈಪ್ ತುಂಡುಗಳಿಗೆ ತಿರುಪು ಕೊರೆಯುವಾಗ ಎಣ್ಣೆ ಹಾಕಿರುತ್ತಾರೆ, ಅದು ಹಬೆಯ ನೀರಿನ ಜೊತೆ ಇಳಿದು ಬಾಯ್ಲರ್‌ನ ನೀರಿನ ಮೇಲೆ ತೇಲುತ್ತದೆ. ಹಳೆಯ ರೇಡಿಯೇಟರ್‌ನೊಳಗಿನ ಕೊಳೆಯೂ ಸೇರುತ್ತದೆ. ಆಗ ಗಾಜಿನ ಕೊಳವೆಯಲ್ಲಿ ನೀರು ಕುಣಿಯುತ್ತದೆ, ಒದ್ದೆ ಹಬೆ ಮೇಲೆ ಬರುತ್ತದೆ, ವೆಂಟ್ ನೀರು ಉಗುಳುತ್ತದೆ. ವೆಂಟ್ ಕೆಟ್ಟಿದೆ ಎಂದು ಜನ ಹೊಸದು ತರುತ್ತಾರೆ, ಅದೂ ಉಗುಳುತ್ತದೆ.

ಶಿಕಾಗೊ_ಚಳಿಗ
ತಳದ ನಲ್ಲಿ ತೆರೆದು ನೀರು ಬಿಟ್ಟರೆ ಹೋಗುವುದಿಲ್ಲವೇ?

ಮಂಡ್ಯದ_ಬಾಯ್ಲರ್‌ಮನೆ
ತೇಲುವ ಎಣ್ಣೆ ತಳದಿಂದ ಹೇಗೆ ಹೋಗುತ್ತದಪ್ಪಾ? ತಳದಿಂದ ಹೋಗುವುದು ಕೆಸರು. ಬಾಯ್ಲರ್‌ನ ಪಕ್ಕದಲ್ಲಿ, ನೀರಿನ ಮಟ್ಟದ ತುಸು ಮೇಲೆ, ಕೆನೆ ತೆಗೆಯಲೆಂದೇ ಒಂದು ಬಾಯಿ ಇರುತ್ತದೆ. ಅದಕ್ಕೆ ಪೈಪ್ ಜೋಡಿಸಿ, ನೀರು ಕುದಿಯದಂತೆ ಬಿಸಿ ಮಾಡಿಕೊಂಡು, ಒಳಕ್ಕೆ ಹೊಸ ನೀರನ್ನು ಬಹಳ ಸಣ್ಣಗೆ ಬಿಡುತ್ತಾ, ಹೊರಕ್ಕೆ ಪೆನ್ಸಿಲ್ ದಪ್ಪದ ಧಾರೆ ಬರುವಂತೆ ನೋಡಿಕೊಳ್ಳಿ. ಗಂಟೆಗಟ್ಟಲೆ ಹಿಡಿಯುತ್ತದೆ. ಹೊರಬಂದ ನೀರಿನ ಮೇಲೆ ಬಣ್ಣದ ಪದರ ಕಾಣುತ್ತಿರುವಷ್ಟು ಹೊತ್ತೂ ಮುಂದುವರಿಸಿ, ಕಾಣದಾದ ಮೇಲೆ ನಿಲ್ಲಿಸಿ.

ಪೈಪ್‌ರಾಯ
ಆಮೇಲೆ ಒಮ್ಮೆ ಚೆನ್ನಾಗಿ ಕುದಿಸಿ ಹಬೆ ಬರಿಸಿ, ಒಳಗೆ ಬಂದ ಹೊಸ ನೀರಿನ ಆಮ್ಲಜನಕ ಹೊರಹೋಗಲಿ. ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ಕೆನೆ ತೆಗೆಯಬೇಕಾಗಬಹುದು.